ಸಿಂಥಸೈಜರ್ ಕಟ್ಟುವವರಿಗೆ: ಮೊದಲು ಕರೆಂಟು, ಆಮೇಲೆ ನಾದ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಗೀತ ಕಛೇರಿಗಳಲ್ಲಿ ಹಾಡುವವರ ಪಕ್ಕದಲ್ಲಿರುವ ಎಲೆಕ್ಟ್ರಾನಿಕ್ ತಂಬೂರಿಯನ್ನು ನೀವು ನೋಡಿಯೇ ಇರುತ್ತೀರಿ. ತಂತಿಯಿಲ್ಲ, ಬುರುಡೆಯಿಲ್ಲ, ಒಳಗಿನ ಸರ್ಕ್ಯೂಟೇ ಶ್ರುತಿ ಹಿಡಿದು ನಿಲ್ಲುತ್ತದೆ. ಸಿಂಥಸೈಜರ್ ಕೂಡ ಅದೇ ಕುಲದ್ದು. ಆದರೆ ಇಲ್ಲಿ ನಾದದ ಎತ್ತರ, ಅದರ ಬಣ್ಣ, ಅದು ಏಳುವ ರೀತಿ, ಅಡಗುವ ರೀತಿ ಎಲ್ಲವೂ ನುಡಿಸುವವರ ಕೈಯಲ್ಲಿರುತ್ತದೆ. ಅಮೆರಿಕದ ರಾಬರ್ಟ್ ಮೂಗ್ ಇದನ್ನೆಲ್ಲ ವೋಲ್ಟೇಜಿನಿಂದಲೇ ಆಡಿಸುವ ಯಂತ್ರವನ್ನು 1964ರಲ್ಲಿ ರೂಪಿಸಿದರು. ಐದೇ ವರ್ಷಕ್ಕೆ, 1969ರಲ್ಲಿ, ಅಂಥದೊಂದು ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂತು. ಅದನ್ನು ಅಲ್ಲಿ ಅಣಿಗೊಳಿಸಿದವರು ಸಂಗೀತಗಾರ ಡೇವಿಡ್ ಟ್ಯೂಡರ್. ಹಾಗಾಗಿ ಇದು ನಮ್ಮ ದೇಶಕ್ಕೆ ಹೊಸ ವಿದ್ಯೆಯೇನಲ್ಲ.

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಸೋಲ್ಡರಿಂಗ್ ಬಲ್ಲ ಹುಡುಗ ಹುಡುಗಿಯರು ಈಗ ಮನೆಯಲ್ಲೇ ಸಿಂಥಸೈಜರ್ ಕಟ್ಟಬಹುದು. ಟಿಎಲ್072, ಎಲ್‌ಎಂ13700ರಂಥ ಚಿಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಅಂಚೆಯಲ್ಲೂ ತರಿಸಬಹುದು. ಸರ್ಕ್ಯೂಟ್ ನಕ್ಷೆಗಳಿಗೆ ಬರವಿಲ್ಲ. ಎಲ್ಲರಿಗೂ ಮೊದಲು ಸದ್ದು ಕೇಳುವ ಆತುರ. ಅದು ತಪ್ಪಲ್ಲ. 40106 ಎಂಬ ಒಂದು ಚಿಪ್, 100 ಕಿಲೋ ಓಮಿನ ಒಂದು ರೆಸಿಸ್ಟರ್, 0.1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ ಇದ್ದರೆ ಅರ್ಧ ಗಂಟೆಯಲ್ಲಿ ಗುಂಯ್ ಎನ್ನುವ ಸ್ವರ ಬರುತ್ತದೆ. ಆ ಒಂದೇ ಚಿಪ್ಪಿನಲ್ಲಿ ಇಂಥ ಆರು ಸ್ವರಗಳನ್ನು ಹುಟ್ಟಿಸಬಹುದು. ಖಂಡಿತ ಮಾಡಿ ನೋಡಿ.

ಅಲ್ಲಿಂದ ಮುಂದೆ ಹೋಗುವವರಿಗೆ ನಾನು ಹೇಳಬೇಕಾದ್ದು ಒಂದೇ. ನಮ್ಮ ಕೊಡಗಿನಲ್ಲಿ ಸಿಂಥಸೈಜರ್ ಉಳಿಯುವುದು, ಬಾಳುವುದು ಪವರ್ ಸಪ್ಲೈ ಮತ್ತು ಮುಂದಿನ ಪ್ಯಾನೆಲ್ ಮೇಲೆ. ಇವೆರಡನ್ನೂ ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುವ ಕೆಲಸಗಳ ಸಾಲಿಗೆ ಸೇರಿಸಬೇಡಿ.

ಮೊದಲು ಪವರ್ ಸಪ್ಲೈ. ನಾದವೆಂದರೆ ಸೊನ್ನೆಯ ಮೇಲಕ್ಕೂ ಕೆಳಕ್ಕೂ ತೂಗುವ ಅಲೆ. ಅದಕ್ಕಾಗಿ ಪ್ಲಸ್ ಮತ್ತು ಮೈನಸ್ ಎರಡೂ ಬೇಕು. ಜರ್ಮನಿಯ ಡೀಟರ್ ಡೋಪ್ಫರ್ 1995ರಲ್ಲಿ ತಂದ ಎ-100 ಸರಣಿಯಿಂದ ಬೆಳೆದ, ಮಾಡ್ಯೂಲ್ ಎಂಬ ಬಿಡಿ ಘಟಕಗಳನ್ನು ಪಕ್ಕಪಕ್ಕ ಜೋಡಿಸುವ ಯೂರೋರ‍್ಯಾಕ್ ಪದ್ಧತಿಯಲ್ಲಿ ಅದು ಪ್ಲಸ್ 12, ಮೈನಸ್ 12 ವೋಲ್ಟ್. ಈ ವೋಲ್ಟೇಜ್ ಎಷ್ಟು ಸ್ಥಿರವಾಗಿರಬೇಕು ಎಂಬುದಕ್ಕೆ ಒಂದು ಲೆಕ್ಕ ಕೇಳಿ. ಈ ವಾದ್ಯಗಳಲ್ಲಿ ಶ್ರುತಿ ನಿಯಂತ್ರಿಸುವ ವೋಲ್ಟೇಜ್ 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ. ಅಂದರೆ ಷಡ್ಜದಿಂದ ಶುದ್ಧ ರಿಷಭಕ್ಕೆ ಬರೀ 83 ಮಿಲಿವೋಲ್ಟ್. ಅದರ ಹತ್ತರಲ್ಲೊಂದು ಭಾಗ, 8 ಮಿಲಿವೋಲ್ಟ್ ಅತ್ತಿತ್ತ ಆದರೂ ಸಂಗೀತದ ಕಿವಿಗೆ ಅಪಶ್ರುತಿ ಗೊತ್ತಾಗುತ್ತದೆ. ಶ್ರುತಿಯ ನಾಬ್ ತನ್ನ ವೋಲ್ಟೇಜನ್ನು ಸಪ್ಲೈಯಿಂದಲೇ ಪಡೆಯುವುದರಿಂದ, ಸಪ್ಲೈ ಅಲುಗಿದರೆ ರಾಗವೂ ಅಲುಗುತ್ತದೆ.

ಇನ್ನು ನಮ್ಮ ಕರೆಂಟಿನ ಸ್ಥಿತಿ ನಿಮಗೇ ಗೊತ್ತು. ತೋಟದ ನಡುವೆ, ಲೈನಿನ ಕೊನೆಯಲ್ಲಿ ಮನೆಯಿದ್ದವರಿಗೆ ಸಂಜೆ ಹೊತ್ತು 230ರ ಜಾಗದಲ್ಲಿ 180 ಬಂದರೂ ಆಶ್ಚರ್ಯವಿಲ್ಲ. ಕಕ್ಕಡದ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ಇನ್ವರ್ಟರೇ ಗತಿ. ಇದನ್ನು ಮನಸ್ಸಿನಲ್ಲಿಟ್ಟು ಟ್ರಾನ್ಸ್‌ಫಾರ್ಮರ್ ಆರಿಸಬೇಕು. ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ.

ಏರಿಳಿತ ತಡೆದು ಸ್ಥಿರವಾಗಿ 12 ವೋಲ್ಟ್ ಕೊಡುವ 7812 ರೆಗ್ಯುಲೇಟರಿಗೆ ಒಳಗೆ ಬರುವ ವೋಲ್ಟೇಜ್ ಯಾವ ಕ್ಷಣದಲ್ಲೂ 14ಕ್ಕಿಂತ ಕೆಳಗಿಳಿಯಬಾರದು. ಅಂಗಡಿಯಲ್ಲಿ 12-0-12, ಅಂದರೆ ನಡುತಂತಿಯಿಂದ ಎರಡೂ ಬದಿಗೆ 12 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಕೇಳಿದರೆ ಅದರ ಅಲೆಯ ತುದಿ 17 ವೋಲ್ಟ್. ಡಯೋಡಿಗೆ 1 ಕಳೆದರೆ 16. ಪೂರ್ತಿ 230 ಇದ್ದಾಗ ಇದು ನಡೆಯುತ್ತದೆ. 180ಕ್ಕೆ ಇಳಿದರೆ ಅದೇ 16 ಹೋಗಿ 12 ಚಿಲ್ಲರೆ ಉಳಿಯುತ್ತದೆ. ರೆಗ್ಯುಲೇಟರ್ ಕೈಚೆಲ್ಲುತ್ತದೆ, ಸ್ಪೀಕರಿನಲ್ಲಿ ಗುರ್ ಎಂಬ ಗೊಗ್ಗರು ಸದ್ದು ಶುರುವಾಗುತ್ತದೆ. 15-0-15 ತೆಗೆದುಕೊಂಡರೆ ತುದಿ 21 ವೋಲ್ಟ್. 180ರಲ್ಲೂ ಡಯೋಡ್ ದಾಟಿ ಹದಿನೈದೂವರೆ ಉಳಿಯುತ್ತದೆ. 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಅರ್ಧ ಆಂಪಿಯರ್ ಎಳೆದರೆ ಏರಿಳಿತ ಸುಮಾರು 1 ವೋಲ್ಟ್. ಅದನ್ನೂ ಕಳೆದರೆ ಹದಿನಾಲ್ಕೂವರೆ. ಬಚಾವ್. ಅದಕ್ಕೇ ಕೊಡಗಿನವರು 15-0-15 ಅನ್ನೇ ಕೊಳ್ಳಬೇಕು, ಅದೂ 1 ಆಂಪಿಯರಿಗೆ ಕಡಿಮೆಯಿಲ್ಲದ್ದು. ಕೆಪಾಸಿಟರ್ 35 ವೋಲ್ಟಿನದ್ದಿರಲಿ. ರಾತ್ರಿ ಲೋಡ್ ಇಳಿದು 250 ಬಂದಾಗ 25 ವೋಲ್ಟಿನ ಕೆಪಾಸಿಟರ್ ತನ್ನ ಮಿತಿಯ ಅಂಚಿಗೆ ಹೋಗಿ ನಿಲ್ಲುತ್ತದೆ.

ಇನ್ವರ್ಟರ್ ಬಗ್ಗೆ ಒಂದು ಮಾತು. ಸೈನ್ ವೇವ್ ಇನ್ವರ್ಟರ್ ಇದ್ದವರಿಗೆ ಚಿಂತೆಯಿಲ್ಲ. ಹಳೆಯ ಚೌಕದಲೆಯ ಇನ್ವರ್ಟರಿನಲ್ಲಿ ಅಲೆಗೆ ಆ ಎತ್ತರದ ತುದಿಯೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ವೋಲ್ಟೇಜೂ 14ರ ಅಂಚಿಗೆ ಬಂದುಬಿಡುತ್ತದೆ. ಅಂಥ ಮನೆಯಲ್ಲಿ 100ರಿಂದ 240 ವೋಲ್ಟ್‌ವರೆಗೆ ಎಂದು ಬರೆದಿರುವ ರೆಡಿಮೇಡ್ ಡಿಸಿ ಅಡಾಪ್ಟರ್ ತಂದು, ಅದರಿಂದ ಪ್ಲಸ್ ಮೈನಸ್ 12 ಮಾಡುವ ಕನ್ವರ್ಟರ್ ಬೋರ್ಡ್ ಜೋಡಿಸುವುದೇ ಸರಿ. ಅದರ ಸಣ್ಣ ಸಿಳ್ಳನ್ನು ಕಾಯಿಲ್ ಮತ್ತು ಕೆಪಾಸಿಟರ್ ಹಾಕಿ ಅಡಗಿಸಬೇಕಾಗುತ್ತದೆ. ಹೊಸಬರಿಗೆ, ಅದರಲ್ಲೂ ಶಾಲಾ ಮಕ್ಕಳಿಗೆ, ನಾನು ಹೇಳುವುದು ಈ ಎರಡನೆಯ ದಾರಿಯನ್ನೇ. 230 ವೋಲ್ಟಿನ ತಂತಿಯನ್ನು ಕೈಯಿಂದ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್ ದಾರಿ ಹಿಡಿಯುವವರು ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, ಫ್ಯೂಸ್, ಮುಚ್ಚಿದ ಡಬ್ಬ ಇವಿಷ್ಟು ಇಲ್ಲದೆ ಸ್ವಿಚ್ ಹಾಕಲೇಬೇಡಿ. ಮೊದಲ ಸಲ ಬಲ್ಲ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ. ಹೂಮಳೆಯ ಗುಡುಗು ಕೇಳಿಸಿದ ಕೂಡಲೇ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ.

ರೆಗ್ಯುಲೇಟರುಗಳಲ್ಲಿ ಒಂದು ಸೂಕ್ಷ್ಮವಿದೆ. ಪ್ಲಸ್ಸಿಗೆ 7812, ಮೈನಸ್ಸಿಗೆ 7912. ನೋಡಲು ಅವಳಿ ಜವಳಿ, ಕಾಲುಗಳ ಕ್ರಮ ಮಾತ್ರ ಬೇರೆ ಬೇರೆ. 7812ರ ಬೆನ್ನಿನ ಲೋಹದ ತಗಡು ಗ್ರೌಂಡಿಗೆ ಸೇರಿದೆ, 7912ರ ಬೆನ್ನು ಒಳಬರುವ ಮೈನಸ್ ವೋಲ್ಟೇಜಿಗೆ ಸೇರಿದೆ. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಹಾಗೇ ಸ್ಕ್ರೂ ಮಾಡಿದರೆ ನೇರ ಶಾರ್ಟ್. ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ, ಮಲ್ಟಿಮೀಟರಿನಲ್ಲಿ ಕುಯ್ ಎನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಅರ್ಧ ಆಂಪಿಯರ್ ಎಳೆದಾಗ ಒಂದೊಂದರಲ್ಲೂ ಸುಮಾರು 4 ವ್ಯಾಟ್ ಶಾಖ ಹುಟ್ಟುತ್ತದೆ. ಸ್ವರ ಹುಟ್ಟಿಸುವ ಆಸಿಲೇಟರನ್ನು ಆ ಶಾಖದಿಂದ ದೂರ ಕೂರಿಸಿ. ಅದರೊಳಗಿನ ಟ್ರಾನ್ಸಿಸ್ಟರ್ ಜೋಡಿಗೆ ಬಿಸಿ ತಾಗಿದರೆ ಶ್ರುತಿ ಜಾರುತ್ತದೆ. ಸರಿದೂಗಿಸಲು ವಿಶೇಷ ರೆಸಿಸ್ಟರುಗಳಿವೆ ನಿಜ, ಆದರೂ ಮೊದಲ ಮದ್ದು ದೂರವೇ.

ಮಳೆಗಾಲದ ತೇವವೂ ಶ್ರುತಿಯ ಶತ್ರು. ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಸೋಲ್ಡರ್ ಮಾಡಿದ ಮೇಲೆ ಬೋರ್ಡಿನಲ್ಲಿ ಉಳಿಯುವ ಫ್ಲಕ್ಸ್ ತೇವ ಹೀರಿ, ಹೋಗಬಾರದ ಕಡೆ ಕರೆಂಟು ಸೋರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒಣಗಿದ ಮೇಲೆ ಬೋರ್ಡಿಗೆಂದೇ ಸಿಗುವ ಲ್ಯಾಕರ್ ಹೊಡೆಯಿರಿ. ಜ್ಯಾಕ್ ಮತ್ತು ನಾಬ್‌ಗಳ ಒಳಕ್ಕೆ ಮಾತ್ರ ಅದು ಹೋಗಬಾರದು.

ಈಗ ಮುಂದಿನ ಪ್ಯಾನೆಲ್. ನುಡಿಸುವ ಬೆರಳು ಮುಟ್ಟುವುದು ಇದನ್ನೇ. ಯೂರೋರ‍್ಯಾಕಿನ ಅಳತೆಯಲ್ಲಿ ಎತ್ತರ 128.5 ಮಿಲಿಮೀಟರ್, ಅಗಲಕ್ಕೆ 5.08 ಮಿಲಿಮೀಟರಿನ ಮನೆಗಳು. ಎಂಟು ಮನೆಯ ಪ್ಯಾನೆಲನ್ನು 40.3ಕ್ಕೆ ಕತ್ತರಿಸಿದರೆ ಪಕ್ಕದ್ದಕ್ಕೆ ಉಜ್ಜುವುದಿಲ್ಲ. ನಿಮ್ಮದೇ ಪೆಟ್ಟಿಗೆಯಾದರೆ ಈ ಅಳತೆಗೆ ಕಟ್ಟುಬೀಳಬೇಕಿಲ್ಲ. ತೋಟದ ಸಿಲ್ವರ್ ಓಕ್ ಹಲಗೆ ಚೆನ್ನಾಗಿ ಒಣಗಿದ್ದರೆ ಪೆಟ್ಟಿಗೆಗೆ ಒಳ್ಳೆಯದು. ಪ್ಯಾನೆಲಿಗೆ 2 ಮಿಲಿಮೀಟರಿನ ಅಲ್ಯೂಮಿನಿಯಂ ತಗಡು. ಸೈನ್ ಬೋರ್ಡ್ ಅಂಗಡಿಯಲ್ಲಿ ಉಳಿದ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಹಲಗೆ) ಚೂರುಗಳೂ ಆಗುತ್ತವೆ, ಆದರೆ ಅದರ ನಡುವೆ ಪ್ಲಾಸ್ಟಿಕ್ ಇರುವುದರಿಂದ ಎರಡು ಮೈಗೂ ಗ್ರೌಂಡ್ ಸಿಗುವುದಿಲ್ಲ. ನನ್ನ ಮತ ಅಲ್ಯೂಮಿನಿಯಂ ಕಡೆಗೇ.

ತೂತು ಕೊರೆಯುವ ಮುಂಚೆ ನಕ್ಷೆಯನ್ನು ಕಾಗದದಲ್ಲಿ ಅದೇ ಅಳತೆಗೆ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ನಾಬ್‌ಗಳನ್ನು ಅದರ ಮೇಲೆ ಕೂರಿಸಿ, ಕಣ್ಣು ಮುಚ್ಚಿ ತಿರುಗಿಸಿ ನೋಡಿ. ಎರಡು ನಾಬ್‌ಗಳ ನಡುಬಿಂದುಗಳಿಗೆ 20 ಮಿಲಿಮೀಟರ್ ಅಂತರವಾದರೂ ಬೇಕು. ಜ್ಯಾಕ್‌ಗಳೆಲ್ಲ ಕೆಳಗಿದ್ದರೆ ಮಾಡ್ಯೂಲುಗಳನ್ನು ಒಂದಕ್ಕೊಂದು ಬೆಸೆಯುವ ಪ್ಯಾಚ್ ವೈರುಗಳು ನಾಬ್ ಮೇಲೆ ಜೋತು ಬೀಳುವುದಿಲ್ಲ. ಸರಿಯೆನಿಸಿದ ಮೇಲೆ ಅದೇ ಕಾಗದವನ್ನು ತಗಡಿಗೆ ಅಂಟಿಸಿ, ಪ್ರತಿ ನಡುಬಿಂದುವಿಗೂ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಏಟು. ತಗಡನ್ನು ಮರದ ತುಂಡಿಗೆ ಕ್ಲಾಂಪ್ ಮಾಡಿ, 3 ಮಿಲಿಮೀಟರ್ ಬಿಟ್‌ನಲ್ಲಿ ತೂತು ಹಾಕಿ, ಆಮೇಲೆ ಮೆಟ್ಟಿಲು ಬಿಟ್‌ನಲ್ಲಿ ಹಿಗ್ಗಿಸಿ. ನಾಬ್ ಕೂರುವ ತಿರುಗು ರೆಸಿಸ್ಟರಾದ ಪಾಟ್‌ಗೆ 7 ಮಿಲಿಮೀಟರ್, ಸಣ್ಣ ಜ್ಯಾಕಿಗೆ 6ಕ್ಕಿಂತ ಸ್ವಲ್ಪ ಹೆಚ್ಚು. ನೇರವಾಗಿ 7ರ ಬಿಟ್ ಇಳಿಸಿದರೆ ತೆಳು ತಗಡಿನಲ್ಲಿ ತೂತು ಗುಂಡಗೆ ಬರದೆ ಮೂರು ಮೂಲೆಯಾಗುತ್ತದೆ. ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟರೆ ಅಲ್ಯೂಮಿನಿಯಂ ಬಿಟ್‌ಗೆ ಮೆತ್ತಿಕೊಳ್ಳುವುದಿಲ್ಲ. ಪಾಟ್‌ನ ಮೈಮೇಲೆ ಚಾಚಿಕೊಂಡಿರುವ ಸಣ್ಣ ಕಿವಿಗೂ ಒಂದು ಕಿರುತೂತು ಕೊಡಿ. ಪಾಟ್ ತಾನೇ ತಿರುಗಿ ಹಿಂದಿನ ವೈರು ಕೀಳದಂತೆ ತಡೆಯುವುದು ಆ ಕಿವಿಯೇ. ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ: ಶ್ರುತಿ, ಬಣ್ಣ, ಏರು, ಇಳಿ. ಮನೆಯ ಮಕ್ಕಳೂ ಧೈರ್ಯವಾಗಿ ಮುಟ್ಟುತ್ತಾರೆ.

ಜೋಡಿಸಿದ ಮೇಲೆ ಮಾಡ್ಯೂಲ್‌ಗಳಿಲ್ಲದೆ ಸಪ್ಲೈಯನ್ನಷ್ಟೇ ಹಚ್ಚಿ. ಮೀಟರಿನಲ್ಲಿ ಎರಡೂ ಕಡೆ 11.5ರಿಂದ 12.5ರ ಒಳಗಿರಬೇಕು. ಆಮೇಲೆ ಒಂದೊಂದು ಕಡೆಗೂ 47 ಓಮಿನ, 10 ವ್ಯಾಟಿನ ಎರಡೆರಡು ಸಿಮೆಂಟ್ ರೆಸಿಸ್ಟರುಗಳನ್ನು ಪಕ್ಕಪಕ್ಕ ಹಾಕಿ. ಅರ್ಧ ಆಂಪಿಯರ್ ಹರಿಯುತ್ತದೆ. ಸಂಜೆ ವೋಲ್ಟೇಜ್ ಕುಸಿಯುವ ಹೊತ್ತಿನಲ್ಲೇ ಒಂದು ಗಂಟೆ ಓಡಿಸಿ, ಮತ್ತೆ ಅಳೆಯಿರಿ. ಮೀಟರ್ ಅಲುಗದಿದ್ದರೆ ಸಪ್ಲೈ ಗೆದ್ದಂತೆ. ಮಾಡ್ಯೂಲಿಗೆ ಕರೆಂಟು ಒಯ್ಯುವ ರಿಬ್ಬನ್ ಕೇಬಲಿನ ಕೆಂಪು ಗೆರೆ ಮೈನಸ್ 12ರ ಕಡೆಗೇ ಇದೆ ಎಂದು ಎರಡು ಸಲ ನೋಡಿ, ಒಂದೇ ಒಂದು ಮಾಡ್ಯೂಲ್ ಸಿಕ್ಕಿಸಿ, ಚಿಪ್ಪಿನ ಮೇಲೆ ಬೆರಳಿಡಿ. ಬಿಸಿಯಾದರೆ ತಕ್ಷಣ ಆಫ್ ಮಾಡಿ. ತಣ್ಣಗಿದ್ದರೆ ಆಸಿಲೇಟರನ್ನು 220 ಹರ್ಟ್ಸಿಗೆ ಹೊಂದಿಸಿ, 1 ವೋಲ್ಟ್ ಕೊಟ್ಟಾಗ ಮೊಬೈಲಿನ ಟ್ಯೂನರ್ 440 ತೋರಿಸುವವರೆಗೆ, ಇನ್ನೊಂದು ವೋಲ್ಟಿಗೆ 880 ತೋರಿಸುವವರೆಗೆ ಬೋರ್ಡಿನ ಮೇಲಿನ ಟ್ರಿಮ್ಮರನ್ನು (ಶ್ರುತಿ ತಿದ್ದುವ ಪುಟ್ಟ ತಿರುಪನ್ನು) ಸ್ವಲ್ಪಸ್ವಲ್ಪವೇ ತಿರುಗಿಸಿ. ಮೂರೂ ಕೂಡಿಬಂದರೆ ರಾಗ ನುಡಿಸಲು ಶುರುಮಾಡಬಹುದು.

ನಮಸ್ಕಾರ.