ಕೊಂಡುಕುರಿ ನೋಡೋಕೆ ಜಗಳೂರು ಕಡೆ ಹೊರಟ್ವಿ | ರಂಗಯ್ಯನದುರ್ಗ ವ್ಲಾಗ್

ಸ್ಕ್ರೀನ್ ಕಪ್ಪಗೈತೆ ಅಂತ ಬ್ರೈಟ್‌ನೆಸ್ ಏರಿಸ್ಕೋಬೇಡ್ರಿ, ಕತ್ತಲಲ್ಲೇ ಹೊರಟಿದ್ದು. ಮುಂದೆ ಅಲ್ಲಾಡ್ತಿರೋ ಬೆಳಕು ಕಾಡು ಕಾಯೋ ವಾಚರ್ ಅಣ್ಣನ ಟಾರ್ಚು. ಅವರ ಹಿಂದೆ ನಡೀತಿರೋದು ಸಂಶೋಧನೆ ಮಾಡೋ ಮೇಡಂ. ಮುಖ ತೋರಿಸಬೇಡಿ ಅಂದಿದ್ದಾರೆ, ಹಂಗಾಗಿ ವಿಡಿಯೋ ಪೂರ್ತಿ ಅವರ ಬ್ಯಾಗನ್ನೇ ನೋಡ್ಬೇಕು ನೀವು. ಒಳಗೆ ಬರೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ನಮ್ಮ ಹತ್ರ ಐತೆ. ಕಾಮೆಂಟಲ್ಲಿ ಅದನ್ನೇ ಕೇಳ್ತೀರಿ ಅಂತ ಮೊದಲೇ ಹೇಳ್ಬಿಟ್ಟೆ.

ಜಗಳೂರು ಅಂದ್ರೆ ದಾವಣಗೆರೆ ಮಂದಿಗೆ ನೆನಪಾಗೋದು ಬರ, ಬತ್ತಿದ ಬೋರ್‌ವೆಲ್ಲು, ಬಿಸಿಲು. ಇದೇ ತಾಲ್ಲೂಕಲ್ಲಿ 2011ರಲ್ಲಿ ರಂಗಯ್ಯನದುರ್ಗ ವನ್ಯಜೀವಿ ಧಾಮ ಆಯ್ತು, ಸುಮಾರು 77 ಚದರ ಕಿಲೋಮೀಟರು, ಅದೂ ಕೊಂಡುಕುರಿ, ಅಂದ್ರೆ ನಾಲ್ಕು ಕೊಂಬಿನ ಹುಲ್ಲೆ ಸಲುವಾಗಿ. ಈಗ ಬೆಳಕು ಬಂತು ನೋಡ್ರಿ: ಜಾಲಿ, ಕಾರೆ, ಬಂಡೆ, ಒಣಹುಲ್ಲು. ಇದೇನ್ ಕಾಡು ಅನ್ಸುತ್ತೆ. ನಮ್ಮ ಗುಂಪಿನೋರೆಲ್ಲ ಕಬಿನಿ, ಬಂಡೀಪುರ ಅಂತ ಸಾಲ ಮಾಡಿ ಓಡ್ತಾರೆ. ಒಂದು ಹುಲಿಗೆ ಇಪ್ಪತ್ತು ಜೀಪು, ಎಲ್ಲರ ಹತ್ರಾನೂ ಅದೇ ಫೋಟೋ. ನಂಗೆ ಆ ಜಾತ್ರೆ ಬೇಡ. ಹಂಗಂತ ಯಾರಾದ್ರೂ ಫ್ರೀ ಸಫಾರಿ ಕೊಟ್ರೆ ಹೋಗಲ್ಲ ಅಂತೇನಿಲ್ಲ.

ಹಾಂ, ಈ ಶಾಟಲ್ಲಿ ನನ್ನ ಹೆಗಲ ಮೇಲಿರೋ ಫಿರಂಗಿ ನಂದಲ್ಲ, ಬಾಡಿಗೇದು. 150-600 ಎಂಎಂ ಲೆನ್ಸು, ದೂರದ್ದನ್ನ ಹತ್ರ ಮಾಡಿ ತೋರಿಸೋದು. ಇದರ ಕಥೆ ಹೇಳ್ಲೇಬೇಕು. ದಾವಣಗೆರೇಲಿ ಒಂದಂಗಡಿ, ಹೆಸರು ಬೇಡ. ಫೋನಲ್ಲಿ ಕೇಳಿದ್ರೆ ದಿನಕ್ಕೆ ಎಂಟುನೂರು ಅಂದ್ರು. ಹೋಗಿ ನಿಂತ ಮೇಲೆ ಸಾವಿರದ ಇನ್ನೂರು. ಯಾಕ್ರೀ ಅಂದ್ರೆ, "ಲಗ್ನ ಸೀಸನ್ ಅಣ್ಣಾ." ಅಲ್ಲ ಸ್ವಾಮಿ, ಲಗ್ನಕ್ಕೂ 600 ಎಂಎಂಗೂ ಏನ್ ಸಂಬಂಧ? ಆರತಕ್ಷತೆ ಫೋಟೋನ ಹರಿಹರದಲ್ಲಿ ನಿಂತು ತೆಗೀತಾರಾ? ಡಿಪಾಸಿಟ್ ಹತ್ತು ಸಾವಿರ, ಅದೂ ಕ್ಯಾಶು. ಹೋಗ್ಲಿ ಕೊಟ್ಟೆ. ಆಮೇಲೆ ಗೊತ್ತಾಗಿದ್ದು, ಇವರ ಲೆಕ್ಕದಲ್ಲಿ ಒಂದು ದಿನ ಅಂದ್ರೆ ಇಪ್ಪತ್ನಾಲ್ಕು ಗಂಟೆ ಅಲ್ಲ. ಅಂಗಡಿ ಬಾಗಿಲು ತೆಗೆದಾಗಿಂದ ಹಾಕೋವರೆಗೆ. ಬಾಗಿಲು ತೆಗೆಯೋದು ಹತ್ತು ಗಂಟೆಗೆ. ಕಾಡಿನ ಪ್ರಾಣಿ ಹತ್ತು ಗಂಟೆಗೆ ಎಲ್ಲಿ ಸಿಗುತ್ತೆ? ಹಂಗಾಗಿ ಹಿಂದಿನ ದಿನಾನೇ ತಂದಿಟ್ಕೋಬೇಕು. ರಾತ್ರಿಯೆಲ್ಲ ನಮ್ಮನೆ ಬೀರುನಲ್ಲಿ ಮಲಗಿದ್ದಕ್ಕೂ ಬಾಡಿಗೆ ನಾನೇ ಕಟ್ಬೇಕು. ಟ್ರೈಪಾಡಿಗೆ ಕೂರಿಸೋ ಕಾಲರ್ ಎಲ್ರಿ ಅಂದ್ರೆ ಅದು ಬೇರೆ ಐಟಮ್ಮಂತೆ, ಇನ್ನೂರು. ಲೆನ್ಸ್ ಮುಂದೆ ಬಿಸಿಲು ತಡೆಯೋ ಹುಡ್ಡು ಕಳೆದೋಗೈತಂತೆ, ಅದಕ್ಕೆ ಮಾತ್ರ ಏನೂ ಕಡಿಮೆ ಮಾಡಲ್ಲ. ಅಮ್ಮ ಹೇಳ್ತಿದ್ರು, ಅದೇ ದುಡ್ಡಿಗೆ ಮನೆಗೊಂದು ಕುಕ್ಕರ್ ಬರ್ತಿತ್ತು ಅಂತ. ಬರ್ತಿತ್ತು, ಇಲ್ಲ ಅನ್ನಲ್ಲ.

ಕಾಲರ್ ಬೇಡ ಅಂತ ಬಿಟ್ಟು ಬಂದೆ. ಅದಕ್ಕೇ ಬಂಡೆ ಮೇಲೆ ಈ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಒರಗಿಸಿರೋದು. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಒಳಗೆ ಮೆಕ್ಕೆಜೋಳ ತುಂಬಿ ಹೊಲಿದಿದ್ದು. ದಾವಣಗೆರೇಲಿ ಮೆಕ್ಕೆಜೋಳಕ್ಕೇನು ಬರ? ನಿಜ ಹೇಳ್ಬೇಕಂದ್ರೆ ಟ್ರೈಪಾಡಿಗಿಂತ ಇದೇ ಗಟ್ಟಿ ಕೂರುತ್ತೆ, ಗಾಳಿಗೆ ಅಲ್ಲಾಡಲ್ಲ.

ಇರ್ಲಿ, ಶಾಟ್ ಮುಗೀತು. ಮೇಡಂ ಕುಕ್ಕರಗಾಲಲ್ಲಿ ಕೂತು ಏನೋ ಎಣಿಸ್ತಿದ್ದಾರಲ್ಲ, ಅದು ಹಿಕ್ಕೆ. ಕೊಂಡುಕುರಿ ತಿರುಗಿ ತಿರುಗಿ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ, ಗುಡ್ಡೆ ಆಗಿರುತ್ತೆ. ಮೇಲಿನವು ಕಪ್ಪಗೆ ಹೊಳೀತಾವೆ, ಅವು ಹೊಸವು. ಕೆಳಗಿನವು ಬೂದಿ ಬಣ್ಣ, ಬಿರುಕು ಬಿಟ್ಟಾವೆ, ಮುಟ್ಟಿದ್ರೆ ಪುಡಿ. ಮೇಡಂ ಜಿಪಿಎಸ್ ಬರ್ಕೋತಾರೆ, ಸುತ್ತ ಯಾವ ಗಿಡ ಐತೆ, ನೀರು ಎಷ್ಟು ದೂರ ಐತೆ, ಎಲ್ಲ ಬರ್ಕೋತಾರೆ. ವಾಚರ್ ಅಣ್ಣ ನನ್ ಕಡೆ ತಿರುಗಿ, "ಅಣ್ಣಾ, ನೀವು ಕುರಿ ಹುಡುಕ್ತೀರಿ, ಮೇಡಂ ಹಿಕ್ಕೆ ಹುಡುಕ್ತಾರೆ. ದಿನಾ ಸಿಗೋದು ಅವರಿಗೇ" ಅಂದ್ರು.

ಈ ಪ್ರಾಣಿ ಇರೋದು ಭಾರತ, ನೇಪಾಳ ಎರಡೇ ದೇಶದಲ್ಲಿ. ತೂಕ ಹೆಚ್ಚು ಕಮ್ಮಿ ಇಪ್ಪತ್ತು ಕೆಜಿ. ಗಂಡಿಗೆ ನಾಲ್ಕು ಕೊಂಬು: ಕಿವಿ ನಡುವೆ ಎರಡು, ಹಣೆ ಮೇಲೆ ಗಿಡ್ಡವು ಎರಡು. ಜಿಂಕೆ ಥರ ಹಿಂಡು ಕಟ್ಟಲ್ಲ, ಒಂಟಿ ಇಲ್ಲ ಜೋಡಿ. ನೀರು ಬಿಟ್ಟು ಬಹಳ ದೂರ ಇರಲ್ಲ, ಅದಕ್ಕೇ ಈ ಹೊಂಡದ ಹತ್ರ ಕೂತಿದ್ದೀವಿ. ಲೊಕೇಶನ್ ಕೇಳಬೇಡ್ರಿ, ಹೇಳಲ್ಲ.

ಈ ಕಾಯೋ ಭಾಗ ಫಾಸ್ಟ್ ಓಡಿಸ್ತೀನಿ. ಮಧ್ಯದಲ್ಲಿ ಬಂದಿದ್ದು ನವಿಲು. ರಾಷ್ಟ್ರಪಕ್ಷಿ ಇರ್ಬಹುದು, ನಮ್ಮಂಥೋರ ಪಾಲಿಗೆ ಶನಿ. ನಾವು ಉಸಿರು ಬಿಗಿ ಹಿಡ್ಕೊಂಡು ಕೂತಿರೋದನ್ನ ಅದೇ ಮೊದಲು ನೋಡೋದು, ನೋಡಿದ್ದೇ ಊರಿಗೆಲ್ಲ ಕೂಗೋದು.

ಬಂತು, ಬಂತು. ಎಡಗಡೆ, ಕಾರೆ ಗಿಡದ ಬುಡದಲ್ಲಿ. ಮುಂಗಾಲಿನ ಮೇಲೆ ಕಪ್ಪು ಗೆರೆ ಕಾಣ್ತೈತಲ್ಲ? ಕೊಂಬು ಎಲ್ಲಿ ಅಂತ ಹುಡುಕಬೇಡ್ರಿ, ಇದು ಹೆಣ್ಣು, ಹೆಣ್ಣಿಗೆ ಕೊಂಬೇ ಇರಲ್ಲ. "ಬ್ರೋ ಇದು ನಮ್ಮೂರ ಆಡು" ಅಂತ ಯಾರೋ ಬರೀತೀರಿ, ಗೊತ್ತು. ಫೋಟೋ ಮೆತ್ತಗೆ, ಅಂದ್ರೆ ಮಬ್ಬಾಗಿ ಬಂದೈತೆ. ಫೋಕಸ್ ಸರಿ ಐತೆ, ಶಟರ್ 1/1000 ಸೆಕೆಂಡು, ಕೈ ಅಲ್ಲಾಡಿದ್ದಕ್ಕೂ ಅಲ್ಲ. ಕೆಡಿಸಿದ್ದು ಬಿಸಿಲಿನ ಝಳ. ಬಂಡೆ ಕಾದ್ರೆ ಮೇಲಿನ ಗಾಳಿ ನಡುಗುತ್ತೆ. ಉದ್ದ ಲೆನ್ಸು ಪ್ರಾಣಿ ಜೊತೆ ಆ ನಡುಕಾನೂ ದೊಡ್ಡದು ಮಾಡಿ ತೋರಿಸುತ್ತೆ. ಎಷ್ಟೇ ದುಬಾರಿ ಲೆನ್ಸ್ ಆದ್ರೂ ಅಷ್ಟೇ. ಹತ್ರ ಹೋಗ್ಬೇಕು, ಹೋದ್ರೆ ಓಡುತ್ತೆ.

ಈಗ ಮರಕ್ಕೆ ಕಟ್ಟಿರೋ ಆ ಪೆಟ್ಟಿಗೆ. ಕ್ಯಾಮೆರಾ ಟ್ರ್ಯಾಪ್. ಮೈ ಬಿಸಿ ಇರೋದು ಏನಾದ್ರೂ ಮುಂದೆ ಅಲ್ಲಾಡಿದ್ರೆ ತಾನೇ ಫೋಟೋ ಹೊಡ್ಕೊಳ್ಳುತ್ತೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೇಲಿ ಹುಲಿ ಲೆಕ್ಕಕ್ಕೆ ಬಳಸಿದ್ದು ಇದೇ ಉಪಾಯ, ಒಂದೊಂದು ಹುಲಿ ಪಟ್ಟೆ ಒಂದೊಂದು ಥರ ಅಂತ. ಹಳೇ ವಿಡಿಯೋದಲ್ಲಿ ನಾನು ಇದನ್ನ ಫೋಟೋಗ್ರಫಿ ಅನ್ನೋಕಾಗಲ್ಲ, ಎಟಿಎಂ ಕ್ಯಾಮೆರಾ ಅಂದಿದ್ದೆ. ಅರ್ಧ ವಾಪಸ್ ತಗೋತೀನಿ. ಮೊಣಕಾಲೆತ್ತರಕ್ಕೆ ಕಟ್ಬೇಕು, ಬಿಸಿಲು ನೇರ ಬೀಳಬಾರ್ದು, ಮುಂದಿರೋ ಹುಲ್ಲು ಕೀಳ್ಬೇಕು. ಇಲ್ಲಾಂದ್ರೆ ಕಾದ ಹುಲ್ಲು ಗಾಳಿಗೆ ಆಡಿದ್ದಕ್ಕೆಲ್ಲ ಫೋಟೋ ಹೊಡೆದು ಕಾರ್ಡ್ ತುಂಬುತ್ತೆ. ಎಲ್ಲಕ್ಕಿಂತ, ಎಲ್ಲಿ ಕಟ್ಬೇಕು ಅಂತ ಗೊತ್ತಿರ್ಬೇಕು. ಆ ಹಿಕ್ಕೆ ಎಣಿಸಿದ್ದು ಇದಕ್ಕೂ ಬೇಕು.

ಮೇಡಂ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ್ರು. ಇದೊಂದು ಫೋಟೋ ತೋರಿಸೋಕೆ ಒಪ್ಪಿದ್ದಾರೆ, ಹಿಂದಿನ ಬಂಡೆ ಕತ್ತರಿಸಿ. ರಾತ್ರೀದು, ಕಪ್ಪು ಬಿಳುಪು. ಗಂಡು. ನಾಲ್ಕೂ ಕೊಂಬು ಚೊಕ್ಕಟವಾಗಿ, ಬಲಗಿವಿ ತುದಿ ಹರಿದಿರೋದೂ ಕಾಣುತ್ತೆ. ಸಾವಿರದ ಇನ್ನೂರರ ಲೆನ್ಸ್ ಪಕ್ಕದಲ್ಲೇ ಇತ್ತು, ಅದರ ಕಡೆ ನೋಡ್ಲಿಲ್ಲ ನಾನು. ಸರಿ, ಉಳಿದರ್ಧಾನೂ ವಾಪಸ್ ತಗೋತೀನಿ.

ಅದರ ಮುಂದಿನ ಫ್ರೇಮು ನೋಡ್ರಿ. ಟೈಮ್ ನಾಲ್ಕೇ ನಿಮಿಷ ವ್ಯತ್ಯಾಸ. ನಾಯಿ. ಊರ ನಾಯಿ, ಕೊರಳಲ್ಲಿ ಹಗ್ಗ, ಮೂಗು ನೆಲಕ್ಕೆ ಹಚ್ಚಿ ಅದೇ ದಾರೀಲಿ ಹೊರಟೈತೆ. ಮೇಡಂ ಏನೂ ಮಾತಾಡ್ಲಿಲ್ಲ, ಟೈಮ್ ಬರ್ಕೊಂಡ್ರು. ವಾಚರ್ ಅಣ್ಣ ಮಾತ್ರ ಆ ಹಗ್ಗಾನ ಎರಡು ಸಲ ಜೂಮ್ ಮಾಡಿಸಿ ನೋಡಿದ್ರು. ಯಾರ ಮನೇದು ಅಂತ ಗೊತ್ತಾಯ್ತಂತೆ. "ಬಿಡ್ರಿ, ಸಂಜೆ ಅವರ ಮನೆಗೇ ಹೋಗಿ ಮಾತಾಡ್ತೀನಿ, ರಾತ್ರಿ ಕಟ್ಟಿ ಹಾಕ್ಲಿ" ಅಂದ್ರು. ಅಲ್ಲಿಗೆ ಕ್ಯಾಮೆರಾ ತರಬೇಡ ಅಂದಿದ್ದಾರೆ, ಹಂಗಾಗಿ ಮುಂದಿಂದು ನಿಮಗೆ ತೋರಿಸೋಕಿಲ್ಲ. ಬರ್ತೀನಿ.