ಮೂರನೇ ಲೆಗ್ ಅವಳದು

ಈ ವಿಡಿಯೊದಲ್ಲಿ ಈಗ ಕಾಣುತ್ತಿರುವುದು ಬೆಂಗಳೂರಿನ ಬಸವನಗುಡಿಯ ಈಜುಕೊಳ. ಆ ಕೊನೆಯ ಲೇನಿನಲ್ಲಿ ಬಟರ್‌ಫ್ಲೈ ಹೊಡೆಯುತ್ತಿರುವವಳು ನನ್ನ ಹುಡುಗಿ. ಮುಖ ತೋರಿಸಬಾರದು ಅಂತ ಷರತ್ತು ಹಾಕಿದ್ದಾಳೆ. ಹಾಗಾಗಿ ನಿಮಗೆ ಸಿಗುವುದು ಕ್ಯಾಪು, ಭುಜ, ನೀರು ಅಷ್ಟೇ.

ಮತ್ತೆ ಹೇಗೆ ಒಂದಾದಿರಿ ಅಂತ ಗೆಳತಿಯರು ಕೇಳುತ್ತಾರೆ. ಸಿನಿಮಾ ಥರ ಏನೂ ಆಗಲಿಲ್ಲ. ಮಾಸ್ಟರ್ಸ್ ಮೆಡ್ಲೆ ರಿಲೇಗೆ, ಅಂದರೆ ನಾಲ್ವರು ನಾಲ್ಕು ಶೈಲಿಯಲ್ಲಿ ಒಬ್ಬರಾದ ಮೇಲೊಬ್ಬರು ಈಜುವ ಸ್ಪರ್ಧೆಗೆ, ಬಟರ್‌ಫ್ಲೈ ಈಜುವವರು ಸಿಗಲಿಲ್ಲ! ಮಾಸ್ಟರ್ಸ್ ಅಂದರೆ 25 ದಾಟಿದವರ ಸ್ಪರ್ಧೆ. ರಿಲೇಯಲ್ಲಿ ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡುತ್ತಾರೆ, ನಮ್ಮದು 120ರಿಂದ 159. ಆ ವಯಸ್ಸಿಗೂ ಭುಜ ಉಳಿಸಿಕೊಂಡ ಬಟರ್‌ಫ್ಲೈನವರು ಎಷ್ಟು ಜನ ಇರುತ್ತಾರೆ ಹೇಳಿ? ನಮ್ಮ ಬ್ಯಾಕ್‌ಸ್ಟ್ರೋಕ್‌ನವಳು ಎಲ್ಲಿಂದಲೋ ಒಂದು ನಂಬರ್ ತಂದಳು. ಆ ನಂಬರ್ ನನಗೆ ಬಾಯಿಪಾಠ ಇತ್ತು.

ಮೆಡ್ಲೆ ರಿಲೇಯ ಕ್ರಮ ಬದಲಾಗುವುದಿಲ್ಲ. ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ಕೊನೆಗೆ ಫ್ರೀಸ್ಟೈಲ್. ರಾಜ್ಯ ತಂಡಕ್ಕೆ ಈಜುವಾಗಲೂ ಅವಳು ಮೂರನೆಯವಳು, ನಾನು ನಾಲ್ಕನೆಯವಳು. ಅವಳು ಗೋಡೆ ಮುಟ್ಟುವವರೆಗೆ ನಾನು ಬ್ಲಾಕ್ ಮೇಲೆ, ಅಂದರೆ ಧುಮುಕುವ ಕಟ್ಟೆಯ ಮೇಲೆ, ಬಗ್ಗಿ ನಿಂತು ಅವಳನ್ನೇ ನೋಡಬೇಕು. ಅಷ್ಟು ಜನರ ಎದುರು ಕಣ್ಣು ಕೀಳದೆ ಅವಳನ್ನು ನೋಡಲು ನನಗಿದ್ದ ಜಾಗ ಅದೊಂದೇ. ಯಾರಿಗೂ ಅನುಮಾನವಿಲ್ಲ. ಕೋಚ್ ಬೇರೆ "ಅವಳ ಕೈ ನೋಡೇ, ಕೈ ನೋಡು" ಅಂತ ಕಿರುಚುತ್ತಿದ್ದರು.

2016ರಲ್ಲಿ ಅವಳ ಮನೆಯಲ್ಲಿ ನಮ್ಮ ವಿಷಯ ಗೊತ್ತಾಯಿತು. ಅವಳನ್ನು ಪುಣೆಗೆ, ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟರು. ಅದನ್ನು ಜಾಸ್ತಿ ಎಳೆಯುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಅಂತ 377ನೇ ಸೆಕ್ಷನ್ನಿನ ತೀರ್ಪು ಬಂತಲ್ಲ, ಅವತ್ತು ಅವಳು ಆಫೀಸಿಗೆಲ್ಲ ಜಿಲೇಬಿ ಹಂಚಿದಳಂತೆ. ಪ್ರಮೋಷನ್ ಸಿಕ್ಕಿತು ಅಂತ ಸುಳ್ಳು ಹೇಳಿ.

ಈಗಿನ ಪ್ರಾಕ್ಟೀಸಿನಲ್ಲಿ ಹಳೆಯ ಲೆಕ್ಕ ನಡೆಯಲಿಲ್ಲ. ಅವಳ ಕೈ ತಾಗುವ ಮೊದಲು ನನ್ನ ಕಾಲು ಬ್ಲಾಕ್ ಬಿಟ್ಟರೆ ಇಡೀ ತಂಡ ಔಟ್. ಎಲೆಕ್ಟ್ರಾನಿಕ್ ಟೈಮಿಂಗ್ ಇದ್ದರೆ 0.03 ಸೆಕೆಂಡು ಮಾಫಿ, ಅಷ್ಟೇ. ಮೊದಲೆಲ್ಲ ಕೊನೆಗೆ ಒಂದು ಗಿಡ್ಡ ಸ್ಟ್ರೋಕ್ ಹಾಕಿ ಮುಟ್ಟುತ್ತಿದ್ದಳು. ಈಗ ಕೈ ಚಾಚಿ ಜಾರಿಕೊಂಡು ಬರುತ್ತಾಳೆ. ನಾನು ಕಾಯಬೇಕು.

ನೀರಿನ ಹೊರಗೂ ಅವಳು ಬೇರೆಯೇ. ಕಾಫಿಗೆ ಸಕ್ಕರೆ ಬೇಡ. ನಡುವೆ ಇನ್ನೊಬ್ಬಳು ಇದ್ದಳು ಅಂತ ಗಾಂಧಿ ಬಜಾರಿನಲ್ಲಿ ದೋಸೆ ಮುರಿಯುತ್ತಾ ಆರಾಮಾಗಿ ಹೇಳಿದಳು. ನನಗೆ ಹೊಟ್ಟೆ ಉರಿಯಿತು. ಇನ್ನೊಂದು ದೋಸೆ ಹೇಳಿದೆ.

ಮದುವೆ ಯಾವಾಗ ಅಂತ ಮಾತ್ರ ಕೇಳಬೇಡಿ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿನ ಕೈಗೆ ಬಿಟ್ಟಿದೆ. ಸದ್ಯಕ್ಕೆ ನಮ್ಮಿಬ್ಬರ ಹೆಸರು ಒಟ್ಟಿಗಿರುವ ಕಾಗದ ಎರಡೇ. ಬಾಡಿಗೆ ಕರಾರು, ರಿಲೇ ಎಂಟ್ರಿ ಫಾರಂ.

ಅವಳದು ಇನ್ನೊಂದು ಷರತ್ತೂ ಇದೆ. ಮುಖ ಬೇಡವಂತೆ, ಟೈಮಿಂಗ್ ಹೇಳಲೇಬೇಕಂತೆ. 50 ಮೀಟರ್ ಬಟರ್‌ಫ್ಲೈ, 35.4 ಸೆಕೆಂಡು. ನನ್ನದು ಹೇಳಲ್ಲ.