ಕಣದ ಬೆಂಕಿಯ ಸುತ್ತ ವಿಶ್ವಕಪ್

ಕೇಳುಗರಿಗೆ ನಮಸ್ಕಾರ.

ಇದು ಕಾಫಿ ಕುಯ್ಲಿನ ಕಾಲ. ರೊಬಸ್ಟಾ ಹಣ್ಣಾಗಿದೆ, ಕಣದ ತುಂಬ ಚೆರಿ ಹರಡಿದೆ. ಹಗಲೆಲ್ಲ ಕೆದಕಬೇಕು, ಸಂಜೆ ರಾಶಿ ಮಾಡಿ ಟಾರ್ಪಲ್ ಮುಚ್ಚಬೇಕು, ರಾತ್ರಿ ಕಾವಲು ಕೂರಬೇಕು. ಕಾಫಿಗೆ ರೇಟ್ ಇರುವ ವರ್ಷ ಕಾವಲಿಗೆ ಜನ ಜಾಸ್ತಿ. ಕಳ್ಳರ ಭಯ ಒಂದು ನೆಪ ಅಷ್ಟೇ. ಬೆಂಕಿ ಹಾಕಿಕೊಂಡು, ಬೆಲ್ಲದ ಕರಿಕಾಫಿ ಕುಡಿಯುತ್ತಾ ಹರಟೆ ಹೊಡೆಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಹೇಳಿ.

ಕೊಡಗಿನ ಸಿದ್ದಾಪುರದ ಕಡೆ ನನ್ನದೊಂದು ಸಣ್ಣ ತೋಟ ಇದೆ. ಶಾಲೆಯಲ್ಲಿ ಪಿ.ಟಿ. ಮಾಸ್ಟರ್ ಆಗಿದ್ದು ನಿವೃತ್ತನಾದವನು ನಾನು. ಮೊನ್ನೆ ರಾತ್ರಿ ನಮ್ಮ ಕಣದಲ್ಲಿ ನಾಲ್ಕು ಜನ ಇದ್ದೆವು. ಪಕ್ಕದ ದೊಡ್ಡ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ಜೀಪ್ ಓಡಿಸುವ ಹುಡುಗ, ಕಾಫಿ ವ್ಯಾಪಾರ ಮಾಡುವ ಇಕ್ಕ, ಮತ್ತೆ ನಾನು. ಇಕ್ಕನ ಮನೆಯವರು ಕಣ್ಣೂರು ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬಂದು ಮೂರು ತಲೆಮಾರಾಯಿತು. ಕಾಫಿ ಕೊಡಗಿನದು, ಫುಟ್ಬಾಲ್ ಮಲಬಾರಿನದು ಅನ್ನುವುದು ಅವರದೇ ಮಾತು. 2022ರ ವಿಶ್ವಕಪ್ ಹೊತ್ತಿನಲ್ಲಿ ಕೋಝಿಕ್ಕೋಡ್ ಹತ್ತಿರ ಹೊಳೆಯ ನಡುವೆಯೇ ಮೆಸ್ಸಿಯ ಆಳೆತ್ತರ ಮೀರಿದ ಕಟೌಟ್ ನಿಲ್ಲಿಸಿದ್ದರಲ್ಲ, ಅದರ ಪಕ್ಕ ನೇಮಾರ್‌ದು ಇನ್ನೂ ಎತ್ತರಕ್ಕೆ ಎದ್ದಾಗ ಇಕ್ಕ ಅದನ್ನು ನೋಡಲಿಕ್ಕೆಂದೇ ಘಾಟಿ ಇಳಿದು ಹೋಗಿದ್ದರು. ಬ್ರೆಜಿಲ್ ಅಂದರೆ ಪ್ರಾಣ. ಜೀಪಿನ ಹುಡುಗ ಅರ್ಜೆಂಟೀನಾ. ರೈಟರ್ ಯಾವ ಪಕ್ಷಕ್ಕೂ ಸೇರಿದವರಲ್ಲ. ಅವರಿಗೆ ಲೆಕ್ಕ ಸರಿ ಇರಬೇಕು, ಅಷ್ಟೇ.

ಜಗಳ ಶುರುವಾದದ್ದು 48 ಅನ್ನುವ ಸಂಖ್ಯೆಯಿಂದ. 2026ರ ಜೂನ್ 11ಕ್ಕೆ ಶುರುವಾಗುವ ವಿಶ್ವಕಪ್‌ನಲ್ಲಿ 48 ದೇಶಗಳು ಆಡುತ್ತವೆ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ನಡೆಸುತ್ತಿವೆ. 16 ಊರು, 104 ಪಂದ್ಯ. 1998ರಿಂದ ಇದ್ದದ್ದು 32 ತಂಡ.

"ಇದೇನು ಸಂತೆಯಾ?" ಅಂದರು ಇಕ್ಕ. "ನೀವೇ ಹೇಳಿ ಮಾಷ್ಟ್ರೇ. ನಾಲ್ಕು ನಾಲ್ಕರ 12 ಗುಂಪು. ಅದರಲ್ಲಿ ಮೊದಲ ಇಬ್ಬರು ಮುಂದೆ. ಮೂರನೆಯವರಲ್ಲೂ ಎಂಟು ತಂಡ ಮುಂದೆ. ಅಂದ್ರೆ ಯಾರು ಮನೆಗೆ ಹೋಗೋದು?"

ರೈಟರ್ ಕಡ್ಡಿಯಿಂದ ನೆಲದ ಮೇಲೆ ಗೀಚಿ ಲೆಕ್ಕ ಹಾಕಿದರು. ಗುಂಪಿನ ಹಂತಕ್ಕೆ 72 ಪಂದ್ಯ. ಅಷ್ಟೂ ಆಡಿಸಿ ಹೊರಗೆ ಹಾಕುವುದು ಬರೀ 16 ತಂಡವನ್ನು. "ಇದೊಳ್ಳೆ ಜರಡಿ. ಇಷ್ಟು ದೊಡ್ಡ ತೂತಿದ್ರೆ ಕಲ್ಲೂ ಕಾಫಿ ಜೊತೆ ಬೀಳುತ್ತೆ" ಅಂದರು.

ಈ ಲೆಕ್ಕಕ್ಕೆ ನನ್ನಲ್ಲೂ ಉತ್ತರ ಇರಲಿಲ್ಲ. ಈಗಲೂ ಇಲ್ಲ. ತಂಡ ಜಾಸ್ತಿ ಆದರೆ ಪಂದ್ಯ ಜಾಸ್ತಿ, ಪಂದ್ಯ ಜಾಸ್ತಿ ಆದರೆ ದುಡ್ಡು ಜಾಸ್ತಿ. ವಿಶ್ವಕಪ್ ನಡೆಸುವ ಫಿಫಾ ಬರೀ ಧರ್ಮಕ್ಕೆ ಬಾಗಿಲು ತೆರೆದಿದೆ ಅಂತ ನಂಬುವಷ್ಟು ಮುಗ್ಧ ನಾನಲ್ಲ. ಆದರೂ ಆ ಬಾಗಿಲಿಂದ ಒಳಗೆ ಬಂದವರನ್ನು ಒಮ್ಮೆ ನೋಡಿ.

ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ಮಧ್ಯೆ ಹತ್ತು ದ್ವೀಪಗಳ ದೇಶವೊಂದಿದೆ. ಹೆಸರು ಕೇಪ್ ವರ್ಡ್. ಅಲ್ಲಿ ಜನಸಂಖ್ಯೆ ಸುಮಾರು 5 ಲಕ್ಷ. ನಮ್ಮ ಕೊಡಗಿನದು ಎಷ್ಟು? 2011ರ ಜನಗಣತಿಯಲ್ಲಿ 5,54,519. ಅಂದರೆ ನಮ್ಮ ಜಿಲ್ಲೆಗಿಂತ ಸ್ವಲ್ಪ ಕಡಿಮೆ ಜನ ಇರುವ ದೇಶ ವಿಶ್ವಕಪ್ ಆಡುತ್ತಿದೆ! ಕುಶಾಲನಗರದಿಂದ ಕುಟ್ಟದವರೆಗಿನ ಜನರಲ್ಲೇ ಹನ್ನೊಂದು ಜನರನ್ನು ಆರಿಸಿ ಸ್ಪೇನ್ ಎದುರು ನಿಲ್ಲಿಸಿದ ಹಾಗೆ. ಈ ಮಾತಿಗೆ ಜೀಪಿನ ಹುಡುಗ ಎದ್ದೇ ನಿಂತ. "ಗೋಲ್ ಕಾಯೋ ಗೋಲಿ ಯಾರು ಮಾಷ್ಟ್ರೇ, ನೀವಾ?" ಅಂದ. ಅವನು ಹಾಗೆ ಕೇಳಿದ್ದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಕೇಪ್ ವರ್ಡ್ ಸುಮ್ನೆ ಬಂದದ್ದಲ್ಲ. ಅರ್ಹತಾ ಸುತ್ತಿನಲ್ಲಿ ಅವರ ಗುಂಪಿನಲ್ಲಿದ್ದದ್ದು ಕ್ಯಾಮರೂನ್. ಅದನ್ನು ಹಿಂದೆ ಹಾಕಿ ಗುಂಪಿಗೇ ಮೊದಲಿಗರಾದರು. 2025ರ ಅಕ್ಟೋಬರ್ 13ರಂದು ಎಸ್ವಟೀನಿಯನ್ನು 3–0 ಯಿಂದ ಸೋಲಿಸಿ ಟಿಕೆಟ್ ಗಿಟ್ಟಿಸಿಕೊಂಡರು. ಇನ್ನೂ ಸಣ್ಣದು ಕ್ಯುರಸಾವ್, ಕೆರಿಬಿಯನ್ ಸಮುದ್ರದ ದ್ವೀಪ. ಅಲ್ಲಿ ಒಂದೂವರೆ ಲಕ್ಷ ಜನ. ಇಷ್ಟು ಕಡಿಮೆ ಜನರ ದೇಶ ಹಿಂದೆಂದೂ ವಿಶ್ವಕಪ್‌ಗೆ ಬಂದಿಲ್ಲ. ಇವರ ಜೊತೆ ಜೋರ್ಡಾನ್, ಉಜ್ಬೇಕಿಸ್ತಾನಕ್ಕೂ ಇದು ಮೊದಲ ಸಲ.

ಕೇಪ್ ವರ್ಡ್ ತಂಡದಲ್ಲಿ ರೊಬೆರ್ಟೊ ಲೋಪೆಸ್ ಅಂತ ಒಬ್ಬ ಡಿಫೆಂಡರ್ ಇದ್ದಾರೆ. ಹುಟ್ಟಿ ಬೆಳೆದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಪ್ಪನ ಊರು ಕೇಪ್ ವರ್ಡ್. ಅಲ್ಲಿನ ಕೋಚ್ ಇವರಿಗೆ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಮೆಸೇಜ್ ಹಾಕಿದರಂತೆ. ಇವರಿಗೆ ಆ ಭಾಷೆ ಬಾರದು. ಯಾವುದೋ ಬೋಗಸ್ ಮೆಸೇಜ್ ಇರಬೇಕು ಅಂತ ತಿಂಗಳುಗಟ್ಟಲೆ ಹಾಗೇ ಬಿಟ್ಟರು. ಕೋಚ್ ಮತ್ತೆ ಕೇಳಿದ ಮೇಲೆ ಅನುವಾದ ಮಾಡಿಸಿ ನೋಡಿದರೆ, ದೇಶದ ತಂಡಕ್ಕೆ ಆಡ್ತೀರಾ ಅನ್ನುವ ಪ್ರಶ್ನೆ!

ಕೊಡಗಿನವರಿಗೆ ಇದು ಹೊಸದೇನಲ್ಲ. ಬೇಸಿಗೆಯ ಹಾಕಿ ನಮ್ಮೆಗೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ, ಒಕ್ಕದ (ಮನೆತನದ) ತಂಡ ಕಟ್ಟುವಾಗ ಆಗುವುದು ಇದೇ ಅಲ್ವಾ? ಊರಲ್ಲಿ ಇರುವವರು ಆರು ಜನ. ಉಳಿದವರಿಗೆ ಬೆಂಗಳೂರಿಗೆ, ಮೈಸೂರಿಗೆ, ದುಬೈಗೆ ಫೋನು. "ರಜೆ ಹಾಕಿ ಬಾ, ಗೋಲಿ ಇಲ್ಲ" ಅಂತ. ಕುಟುಂಬದ ಮೂಲಮನೆಯಾದ ಐನ್‌ಮನೆಯ ಮುಖ ನೋಡಿ ವರ್ಷಗಳಾದವನೂ ಸ್ಟಿಕ್ ಹಿಡಿದು ಬಂದಿಳಿಯುತ್ತಾನೆ. ಅತ್ತೆ, ಸೊಸೆ, ತಾತ, ಮೊಮ್ಮಗ ಎಲ್ಲ ಒಂದೇ ತಂಡದಲ್ಲಿ.

ಇದನ್ನೇ ನಾನು ಇಕ್ಕನ ಮುಂದೆ ಇಟ್ಟೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ನಮ್ಮೆ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ಆಡಿದವು, ಗಿನ್ನೆಸ್ ದಾಖಲೆಯೂ ಆಯಿತು. ಆಟದ ಮಟ್ಟ ಇಳಿಯಿತು, ಬರೀ ಒಲಿಂಪಿಕ್ಸ್ ಆಡಿದವರ ಒಕ್ಕಗಳನ್ನು ಮಾತ್ರ ಕರೆಯೋಣ ಅಂತ ಯಾರಾದರೂ ಅಂದರಾ?

"ಅದು ಹಬ್ಬ ಮಾಷ್ಟ್ರೇ, ಇದು ವಿಶ್ವಕಪ್" ಅಂದರು ಇಕ್ಕ. ಮಾತು ಸರಿಯೇ. ಹಬ್ಬದ ಊಟಕ್ಕೂ ಅಡುಗೆ ಸ್ಪರ್ಧೆಗೂ ವ್ಯತ್ಯಾಸ ಇದೆ. ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

ಆಗ ಇಕ್ಕ ತಮ್ಮ ದೊಡ್ಡ ಅಸ್ತ್ರ ತೆಗೆದರು. "ಟಹೀಟಿ ನೆನಪಿದೆಯಾ?"

ಹೊಸ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಹಿಂದೆ ಕಾನ್ಫೆಡರೇಷನ್ಸ್ ಕಪ್ ಅಂತ ಒಂದಿತ್ತು. 1992ರಲ್ಲಿ ಸೌದಿ ಅರೇಬಿಯಾದಲ್ಲಿ ನಾಲ್ಕು ತಂಡಗಳಿಂದ ಶುರುವಾದದ್ದು. ಆಮೇಲೆ 1997ರಲ್ಲಿ ಫಿಫಾ ಕೈಗೆ ಬಂತು, ಎಂಟು ತಂಡ ಆಯಿತು. ಆರು ಖಂಡಗಳ ಚಾಂಪಿಯನ್‌ಗಳು, ವಿಶ್ವಕಪ್ ಗೆದ್ದವರು, ಆಟ ನಡೆಸುವ ಮನೆಯವರು. ನನ್ನ ಕೇಳಿದರೆ ಫಿಫಾದ ತಲೆಗೆ ಹೊಳೆದ ಚೆಂದದ ಯೋಚನೆಗಳಲ್ಲಿ ಇದೂ ಒಂದು. ಆದರೆ ಅದಕ್ಕೊಂದು ಶಾಪ ಇತ್ತು. ಆ ಕಪ್ ಗೆದ್ದವರು ಯಾರೂ ಅದರ ಮುಂದಿನ ವಿಶ್ವಕಪ್ ಗೆಲ್ಲಲಿಲ್ಲ. 2001ರಲ್ಲಿ ಫ್ರಾನ್ಸ್ ಗೆದ್ದಿತು, 2002ರಲ್ಲಿ ಒಂದೇ ಒಂದು ಗೋಲೂ ಹೊಡೆಯದೆ ಮೊದಲ ಸುತ್ತಲ್ಲೇ ಮನೆಗೆ ಬಂತು. 2017ರಲ್ಲಿ ಜರ್ಮನಿ, ಮುಂದಿನ ವರ್ಷ ಅವರೂ ಮೊದಲ ಸುತ್ತಲ್ಲೇ ಮನೆಗೆ. ಆ 2017ರದೇ ಕೊನೆಯದು. 2019ರಲ್ಲಿ ಫಿಫಾ ಅದನ್ನು ಕೈಬಿಟ್ಟು ಕ್ಲಬ್‌ಗಳ ದೊಡ್ಡ ವಿಶ್ವಕಪ್ ಕಡೆ ಹೊರಳಿತು. ಕಪ್ ಹೋಯಿತು ಅಂತ ಬೇಜಾರು ಮಾಡಿಕೊಂಡವರು ನಮ್ಮ ಕಡೆ ನಾನೊಬ್ಬನೇ ಇರಬೇಕು.

ಪೆಸಿಫಿಕ್ ಸಾಗರದ ದ್ವೀಪ ಟಹೀಟಿ ಈ ಕಪ್‌ಗೆ ಬಂದದ್ದು 2013ರಲ್ಲಿ, ಬ್ರೆಜಿಲ್‌ಗೆ. ಓಷಿಯಾನಿಯಾ ಖಂಡದಿಂದ ಯಾವಾಗಲೂ ನ್ಯೂಜಿಲೆಂಡ್ ಬರುತ್ತದೆ ಅಂತ ಎಲ್ಲರ ಲೆಕ್ಕ. ಆ ಸಲ ನ್ಯೂಜಿಲೆಂಡ್ ಸೆಮಿಫೈನಲ್‌ನಲ್ಲೇ ಸೋತು, ಟಹೀಟಿ ಆ ಖಂಡದ ಕಪ್ ಗೆದ್ದುಬಿಟ್ಟಿತು. ತಂಡದಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರಿಗೆ ಫುಟ್ಬಾಲ್ ಹೊಟ್ಟೆಪಾಡಲ್ಲ. ಕೆಲಸ ಮುಗಿಸಿ ಸಂಜೆ ಆಡುವವರು. ಎದುರಾಳಿಗಳು ನೈಜೀರಿಯಾ, ಸ್ಪೇನ್, ಉರುಗ್ವೆ. ನೈಜೀರಿಯಾ 6–1, ಸ್ಪೇನ್ 10–0, ಉರುಗ್ವೆ 8–0. ಮೂರು ಪಂದ್ಯಕ್ಕೆ 24 ಗೋಲು ತಿಂದರು.

"ಈಗ ಕೇಪ್ ವರ್ಡ್ ಗುಂಪಲ್ಲಿ ಯಾರಿದ್ದಾರೆ ಹೇಳಿ" ಅಂತ ಇಕ್ಕ ನನ್ನ ಕಡೆ ತಿರುಗಿದರು. ಸ್ಪೇನ್, ಉರುಗ್ವೆ, ಸೌದಿ ಅರೇಬಿಯಾ. ಅದೇ ಸ್ಪೇನ್, ಅದೇ ಉರುಗ್ವೆ! ಇಕ್ಕ ಗೆದ್ದವರ ಹಾಗೆ ಬೆಂಕಿಗೆ ಕಟ್ಟಿಗೆ ತಳ್ಳಿದರು.

ಆದರೆ ಆ ಪಂದ್ಯಗಳನ್ನು ನಾನು ರಾತ್ರಿ ಎದ್ದು ಕೂತು ನೋಡಿದವನು. ನನಗೆ ನೆನಪಿರುವುದು 24 ಅಲ್ಲ. ಬೆಲೊ ಒರಿಜಾಂಟೆಯ ಮಿನೆರಾವ್ ಮೈದಾನ, ನೈಜೀರಿಯಾ ಎದುರು. ಮೂರು ಗೋಲು ಆಗಲೇ ಬಿದ್ದಿದೆ. ಕಾರ್ನರ್ ಬಂತು, ಜೊನಾಥನ್ ತೆಹಾವು ತಲೆ ಕೊಟ್ಟರು, ಚೆಂಡು ಒಳಗೆ. ಅಷ್ಟೇ, ಅವರೆಲ್ಲ ಓಡಿ ಬಂದು ಹುಲ್ಲಿನ ಮೇಲೆ ಸಾಲಾಗಿ ಕೂತರು. ಒಬ್ಬರ ಹಿಂದೆ ಒಬ್ಬರು. ಕೂತು ದೋಣಿಗೆ ಹುಟ್ಟು ಹಾಕುವ ಹಾಗೆ ಕೈ ಬೀಸಿದರು. ಸ್ಟೇಡಿಯಂಗೆ ಸ್ಟೇಡಿಯಮ್ಮೇ ಎದ್ದು ನಿಂತಿತು. ಮರಕಾನಾದಲ್ಲಿ ಸ್ಪೇನ್ ಎದುರು ಆಡಿದಾಗ ಬ್ರೆಜಿಲ್ ಜನ ಟಹೀಟಿಯದೇ ಹೆಸರು ಕೂಗಿದರು. ಸ್ಪೇನಿನ ಟೊರೆಸ್ ನಾಲ್ಕು ಗೋಲು ಹೊಡೆದರೂ, ಅವರ ಪೆನಾಲ್ಟಿ ಬಾರ್‌ಗೆ ಬಡಿದು ಹೊರಗೆ ಹೋದಾಗ ಕೇಳಿಸಿದಷ್ಟು ಸಂಭ್ರಮದ ಕೂಗು ಆ ರಾತ್ರಿ ಬೇರೆ ಯಾವುದಕ್ಕೂ ಇರಲಿಲ್ಲ.

ನಾನಿದನ್ನು ಹೇಳಿ ಮುಗಿಸುವಷ್ಟರಲ್ಲಿ ಜೀಪಿನ ಹುಡುಗ ಮೆಲ್ಲಗೆ ಕೇಳಿದ. "ಇಕ್ಕ, ಮುಂದಿನ ವರ್ಷ ಅದೇ ಮಿನೆರಾವ್ ಮೈದಾನದಲ್ಲಿ ಬ್ರೆಜಿಲ್ ಜರ್ಮನಿಗೆ ಎಷ್ಟರಲ್ಲಿ ಸೋತಿದ್ದು?"

ಇಕ್ಕ ಮಾತಾಡಲಿಲ್ಲ. ರೈಟರ್ ಲೆಕ್ಕ ಹೇಳಿದರು. "7–1. ಟಹೀಟಿಗೆ ಅಲ್ಲಿ ಬಿದ್ದದ್ದು ಆರು."

ಕರಿಕಾಫಿ ಇನ್ನೊಂದು ಸುತ್ತು ಬಂತು. ಬೇರೆ ದಾರಿ ಇರಲಿಲ್ಲ.

ಈಗ ನನ್ನ ಗೋಲಿ ಕಥೆ. ಹರೆಯದಲ್ಲಿ ನಾನೂ ಫುಟ್ಬಾಲ್ ಆಡಿದೆ, ಗೋಲಿಯಾಗಿ. ತೋಟದ ಕೆಲಸಗಾರರು ಇರುವ ನಮ್ಮ ಲೈನ್‌ಮನೆ ಹುಡುಗರು, ತೋಟದ ಹುಡುಗರು ಸೇರಿ ಕಟ್ಟಿದ ತಂಡ. ಒಂದು ಪಂದ್ಯಾವಳಿಗೆ ಹೆಸರು ಕೊಡಲು ಹೋದರೆ ನಡೆಸುವವರು ಸೇರಿಸಲೇ ಇಲ್ಲ. "ನೀವು ಬಂದ್ರೆ ಆಟ ಒಂದೇ ಕಡೆ ಆಗುತ್ತೆ, ಜನ ಎದ್ದು ಹೋಗ್ತಾರೆ" ಅಂದರು. ಮರುವರ್ಷ ಒಂದು ತಂಡ ಕೈಕೊಟ್ಟದ್ದಕ್ಕೆ ನಮ್ಮನ್ನು ಕರೆದರು. ಮಳೆ, ಕೆಸರು, ನಾನು ಒಂಬತ್ತು ಗೋಲು ತಿಂದೆ. ಅವರು ಹೇಳಿದ್ದು ನಿಜವೇ ಆಯಿತು. ಆದರೆ ಜನ ಮಾತ್ರ ಎದ್ದು ಹೋಗಲಿಲ್ಲ. ನಾನು ಹಿಡಿದ ಒಂದೇ ಒಂದು ಚೆಂಡಿಗೆ ಹಾಕಿದ ಸಿಳ್ಳೆ ಇನ್ನೂ ಕಿವಿಯಲ್ಲಿದೆ. ಆ ಒಂಬತ್ತೂ ಹೇಗೆ ಬಂದವು ಅಂತ ಈಗಲೂ ಒಂದೊಂದಾಗಿ ಹೇಳಬಲ್ಲೆ. ಹೊರಗೆ ನಿಂತ ವರ್ಷದ್ದು ಏನೂ ನೆನಪಿಲ್ಲ, ಹೊಟ್ಟೆ ಉರಿ ಒಂದು ಬಿಟ್ಟರೆ.

ಹೊರಗೆ ನಿಂತವರ ಹೊಟ್ಟೆ ಉರಿ ವಿಶ್ವಕಪ್‌ನಲ್ಲೂ ಹಳೆಯದೇ. 1966ರಲ್ಲಿ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಎಲ್ಲಕ್ಕೂ ಸೇರಿಸಿ ಇಟ್ಟಿದ್ದು ಒಂದೇ ಜಾಗ. ಇದೆಂಥ ನ್ಯಾಯ ಅಂತ ಆಫ್ರಿಕಾದ ದೇಶಗಳೆಲ್ಲ ಸಿಟ್ಟಿಗೆದ್ದು ಆಟದಿಂದಲೇ ಹಿಂದೆ ಸರಿದವು. ಆಮೇಲೆ 1970ರಿಂದ ಆ ಖಂಡಕ್ಕೆ ಖಾಯಂ ಒಂದು ಜಾಗ ಸಿಕ್ಕಿತು. ಅದರಲ್ಲಿ ಬಂದದ್ದು ಮೊರಾಕೊ. ನಾಲ್ಕು ವರ್ಷದ ಮೇಲೆ ಝಯೀರ್ (ಈಗಿನ ಡಿ.ಆರ್. ಕಾಂಗೊ) ಬಂತು, ಯುಗೊಸ್ಲಾವಿಯಾ ಎದುರು 9–0 ಯಿಂದ ಸೋತಿತು. ನನ್ನಷ್ಟೇ! ಆಗಲೂ ಇದೇ ಮಾತು ಬಂದಿತ್ತು, ಇವರನ್ನೆಲ್ಲ ಯಾಕೆ ಕರೆಯಬೇಕು ಅಂತ. 1990ರಲ್ಲಿ ಕ್ಯಾಮರೂನ್ ಮೊದಲ ಪಂದ್ಯದಲ್ಲೇ ಚಾಂಪಿಯನ್ ಅರ್ಜೆಂಟೀನಾವನ್ನು ಸೋಲಿಸಿತು. 2022ರಲ್ಲಿ ಅದೇ ಮೊರಾಕೊ ಸೆಮಿಫೈನಲ್ ಆಡಿತು. ಈಗ ಆಫ್ರಿಕಾಕ್ಕೆ ನೇರವಾಗಿ 9 ಜಾಗ. ಯೂರೋಪಿಗೆ 16, ಏಷ್ಯಾಕ್ಕೆ 8.

"ಏಷ್ಯಾಕ್ಕೆ ಎಂಟು ಕೊಟ್ರೂ ನಮ್ಮ ಇಂಡಿಯಾ ಇಲ್ವಲ್ಲ ಮಾಷ್ಟ್ರೇ" ಅಂದ ಹುಡುಗ. ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್ ಚಿನ್ನ. 1950ರ ವಿಶ್ವಕಪ್‌ಗೆ ಬ್ರೆಜಿಲ್‌ಗೆ ಕರೆ ಇತ್ತು, ನಾವೇ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನುವ ಕಥೆ ನಾನೂ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಅದೊಂದೇ ಕಾರಣ ಅಲ್ಲ ಅಂತ ಆಮೇಲೆ ತಿಳಿಯಿತು. ಕರೆದ ಮನೆಗೆ ಹೋಗದೆ, ಈಗ ಎಪ್ಪತ್ತೈದು ವರ್ಷದಿಂದ ಬೇಲಿಯಾಚೆ ನಿಂತು ನೋಡುತ್ತಿದ್ದೇವೆ.

ಇಕ್ಕ ಪೂರ್ತಿ ಸೋತವರಲ್ಲ. ಕೊನೆಗೆ ಒಂದು ಪಂಥ ಕಟ್ಟಿದರು. ಜೂನ್ 15ಕ್ಕೆ ಅಟ್ಲಾಂಟಾದಲ್ಲಿ ಸ್ಪೇನ್–ಕೇಪ್ ವರ್ಡ್ ಪಂದ್ಯ. ಕೇಪ್ ವರ್ಡ್ ಗೆಲ್ಲುವುದು ಬೇಡ, ಒಂದು ಗೋಲು ಹೊಡೆದರೆ ಸಾಕು, ಆ ತಿಂಗಳು ಪೂರ್ತಿ ಪಂದ್ಯ ನೋಡುವವರಿಗೆಲ್ಲ ಕೋಳಿ ಸಾರು, ಕಡುಬು ಅವರ ಖರ್ಚು. ಹೊಡೆಯದಿದ್ದರೆ ನನ್ನ ಖರ್ಚು. ನಾನು ಒಪ್ಪಿದೆ.

"ಜೂನ್ 15 ಅಂದ್ರೆ ಮಳೆ ಹಿಡಿದಿರುತ್ತೆ" ಅಂದರು ರೈಟರ್. "ಮರ ಬಿದ್ದು ಕರೆಂಟ್ ಹೋದ್ರೆ ಟಿ.ವಿ. ಎಲ್ಲಿಂದ? ಜನರೇಟರ್ ಹಾಕ್ಬೇಕು. ಡೀಸೆಲ್ ಯಾರದು?"

ಅದಕ್ಕೆ ಮತ್ತೆ ಜಗಳ ಶುರುವಾಯಿತು. ಬೆಳಗಿನ ಜಾವ ಮಂಜು ಇಳಿದು ಬೆಂಕಿ ಆರುವವರೆಗೂ ನಡೆಯಿತು. ಡೀಸೆಲ್ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.

ನಮಸ್ಕಾರ.